ಬೈ ವಾಕ್ ಬಂದವನನ್ನು ನೋಡಿ ನಕ್ಕು, ಬೈ ಟೂ ಕುಡಿದೆವು

ಹೋದ ತಿಂಗಳು ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮಾಕ್ ಇಂಟರ್‌ವ್ಯೂ ಇತ್ತು. ಥರ್ಡ್ ಇಯರ್ ಹುಡುಗನೊಬ್ಬನನ್ನು ಕಾಲೇಜಿಗೆ ಹೇಗೆ ಬರ್ತೀಯಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. "ಬೈ ವಾಕ್ ಸರ್" ಅಂದ. ಹಿಂದಿನ ಬೆಂಚಿನಿಂದ ಜೋರು ನಗು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗ ಅವನು. ಅಲ್ಲಿಂದಾಚೆ ಕೇಳಿದ್ದಕ್ಕೆಲ್ಲ ಎಸ್, ನೋ ಅಷ್ಟೇ ಉತ್ತರ. ತಾನೇ ಕೂತು ಮಾಡಿದ ಪ್ರಾಜೆಕ್ಟ್ ಬಗ್ಗೆ ಕೇಳಿದಾಗಲೂ ಬಾಯಿ ಬಿಡಲಿಲ್ಲ.

ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ನಾವು ನಾಲ್ಕು ಜನ ಕ್ಯಾಂಟೀನಿಗೆ ಹೋಗಿ ಹೇಳಿದ್ದು, "ಅಣ್ಣಾ, ಎರಡು ಬೈ ಟೂ ಕಾಫಿ." ಲೋಟ ಕೈಗೆ ಬಂದಾಗ ತಲೆಗೆ ಹೊಳೆಯಿತು. ಲಂಡನ್ನಿನಲ್ಲಿ ಹೋಗಿ ಹೀಗೆ ಕೇಳಿದರೆ ನಮ್ಮನ್ನು ನೋಡಿ ಅವರು ನಗೋದಿಲ್ವಾ? ಗಣಿತದ ಕ್ಲಾಸಿನಲ್ಲಿ ಅರ್ಧವನ್ನು 'ಒನ್ ಬೈ ಟೂ' ಅಂತ ಓದಿದವರು ನಾವು. ಅದನ್ನೇ ಹೋಟೆಲಿಗೂ ತಂದಿದ್ದೀವಿ. ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲ 'ಬೈಹಾರ್ಟ್ ಮಾಡ್ತೀವಿ'. ಇಂಗ್ಲಿಷಿನಲ್ಲಿ ಅದು 'ಲರ್ನ್ ಬೈ ಹಾರ್ಟ್'. ನಾವು ಲರ್ನ್ ಬಿಟ್ಟು ಬೈಹಾರ್ಟನ್ನೇ ಕೆಲಸ ಮಾಡಿಕೊಂಡೆವು. ಫ್ರೆಂಚರೂ 'ಪಾರ್ ಕರ್' ಅಂತ ಹೃದಯದ ಲೆಕ್ಕದಲ್ಲೇ ಹೇಳ್ತಾರೆ. ಕನ್ನಡದಲ್ಲಿ ಮಾತ್ರ ಬಾಯಿಪಾಠ, ಕಂಠಪಾಠ. ನಮ್ಮ ಓದು ಗಂಟಲಿನಿಂದ ಕೆಳಗೆ ಇಳಿಯೋದಿಲ್ಲ ಅನ್ನೋದು ಹಿರಿಯರಿಗೆ ಮೊದಲೇ ಗೊತ್ತಿತ್ತೇನೋ!

ಆ ಹುಡುಗನ ತರ್ಕ ನೋಡಿ. ಬೈ ಬಸ್, ಬೈ ಟ್ರೈನ್, ಬೈ ಕಾರ್ ಎಲ್ಲ ಸರಿ. ಹಾಗಾದರೆ ನಡೆದು ಬಂದರೆ ಬೈ ವಾಕ್. ಎಂಜಿನಿಯರ್ ಆಗುವವನು ಹೀಗೇ ಯೋಚಿಸಬೇಕು. ನಡಿಗೆಗೆ ಮಾತ್ರ 'ಆನ್ ಫುಟ್' ಅನ್ನೋದು ಇಂಗ್ಲಿಷಿನ ರೂಢಿ, ಅದಕ್ಕೆ ಸೂತ್ರ ಇಲ್ಲ. ತಿಳಿದುಕೊಂಡರೆ ಒಳ್ಳೆಯದು. ಆದರೆ ಬೈ ವಾಕ್ ಅಂದಾಗ ಅರ್ಥವಾಗದೇ ಉಳಿದವರು ಆ ರೂಮಿನಲ್ಲಿ ಒಬ್ಬರೂ ಇರಲಿಲ್ಲ.

'ಬೈ' ಕಷ್ಟವಾಗೋದಕ್ಕೆ ಕಾರಣ ಇದೆ. ಇಂಗ್ಲಿಷಿನ ಆ ಒಂದು ಪದ ಮಾಡುವ ಕೆಲಸವನ್ನು ಕನ್ನಡ ಬೇರೆ ಬೇರೆಯವರಿಗೆ ಹಂಚಿದೆ. ಬೈ ಬಸ್ ಅಂದರೆ ಬಸ್ಸಿನಲ್ಲಿ. ಬೈ ದ ವಿಂಡೋ ಅಂದರೆ ಕಿಟಕಿ ಪಕ್ಕ. ಬೈ ಫ್ರೈಡೇ ಅಂದರೆ ಶುಕ್ರವಾರದೊಳಗೆ. ಡೇ ಬೈ ಡೇ ಅಂದರೆ ದಿನದಿಂದ ದಿನಕ್ಕೆ. ಸ್ಟೆಪ್ ಬೈ ಸ್ಟೆಪ್‌ಗೆ ನಮಗೆ ಪ್ರತ್ಯಯವೂ ಬೇಡ, ಪದವನ್ನೇ ಎರಡು ಸಲ ಹೇಳಿ ಹಂತ ಹಂತವಾಗಿ ಅಂತೀವಿ. ಥರ್ಟಿ ಬೈ ಫಾರ್ಟಿ ಸೈಟಿನ 'ಬೈ'ಯನ್ನಂತೂ ನುಂಗಿ 'ಥರ್ಟಿ ಫಾರ್ಟಿ ಸೈಟು' ಮಾಡಿದ್ದೀವಿ. ಹೀಗಿರುವಾಗ 'ಬೈ ಅಂದರೆ ಇಂದ' ಅಂತ ಒಂದೇ ಅರ್ಥ ಉರು ಹೊಡೆದವನು ಎಲ್ಲಾದರೂ ಎಡವಲೇಬೇಕು.

ನಾನು ಹೇಳೋದು ಇಷ್ಟು: ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಕೆಲವು ಕಿವಿಗೆ ಮಾತ್ರ ಒರಟು. ಕೆಲವು ಲೆಕ್ಕವನ್ನೇ ಕೆಡಿಸುತ್ತವೆ. ನಾವು ಮೊದಲನೆಯದಕ್ಕೆ ನಗ್ತೀವಿ, ಎರಡನೆಯದನ್ನು ನೋಡೋದೇ ಇಲ್ಲ.

ಲ್ಯಾಬ್ ರಿಪೋರ್ಟಿನಲ್ಲಿ 50 ಡಿಗ್ರಿ ಇದ್ದ ತಾಪಮಾನ 'ರೆಡ್ಯೂಸ್ಡ್ ಬೈ 20' ಅಂತ ಬರೆದರೆ ಉಳಿದದ್ದು 30. 'ರೆಡ್ಯೂಸ್ಡ್ ಟು 20' ಅಂತ ಬರೆದರೆ ಉಳಿದದ್ದು 20. ಒಂದು ಸಣ್ಣ ಪದಕ್ಕೆ ಹತ್ತು ಡಿಗ್ರಿ ವ್ಯತ್ಯಾಸ! ಕನ್ನಡದಲ್ಲಿ ಇದು ತೀರಾ ಸಲೀಸು: 20 ಡಿಗ್ರಿಯಷ್ಟು ಇಳಿಯಿತು, 20 ಡಿಗ್ರಿಗೆ ಇಳಿಯಿತು. 'ಅಷ್ಟು' ಬಂದರೆ ಬೈ, 'ಗೆ' ಬಂದರೆ ಟು. ಬರೆಯುವ ಮೊದಲು ಒಮ್ಮೆ ಕನ್ನಡದಲ್ಲಿ ಹೇಳಿಕೊಂಡರೆ ಸಾಕು.

ಡೆಡ್‌ಲೈನ್ ಕಥೆಯೂ ಹೀಗೇ. 'ಬೈ ಫ್ರೈಡೇ' ಅಂದರೆ ಶುಕ್ರವಾರದೊಳಗೆ ಮುಗಿಯುತ್ತೆ. 'ಟಿಲ್ ಫ್ರೈಡೇ' ಅಂದರೆ ಶುಕ್ರವಾರದವರೆಗೂ ನಡೀತಾನೇ ಇರುತ್ತೆ. ಇಲ್ಲಿ ಕನ್ನಡ ಒಂದು ಗುಂಡಿಯನ್ನೂ ತೋಡಿದೆ. 'ಎರಡು ದಿನದೊಳಗೆ', 'ಶುಕ್ರವಾರದೊಳಗೆ' ಎರಡಕ್ಕೂ ನಮಗೆ 'ಒಳಗೆ' ಒಂದೇ. ಅದಕ್ಕೇ 'ವಿದಿನ್ ಫ್ರೈಡೇ' ಅಂತ ಮೇಲ್ ಹಾಕ್ತೀವಿ. ಅವಧಿಗೆ ವಿದಿನ್, ಗಡುವಿನ ದಿನಕ್ಕೆ ಬೈ.

ಇನ್ನು 'ಇಂಟು'. ಐದು ಇಂಟು ನಾಲ್ಕು ಇಪ್ಪತ್ತು ಅಂತ ಮಗ್ಗಿಯ ಕಾಲದಿಂದ ಹೇಳಿಕೊಂಡು ಬಂದಿದ್ದೀವಿ. ಇಂಗ್ಲೆಂಡಿನವರ ಕಿವಿಗೆ 'ಫೈವ್ ಇಂಟು ಟ್ವೆಂಟಿ' ಅಂದರೆ ಇಪ್ಪತ್ತನ್ನು ಐದರಿಂದ ಭಾಗಿಸು ಅಂತ, ಉತ್ತರ ನಾಲ್ಕು. ನಮಗೆ ಅದೇ ನೂರು. ನಾಳೆ ಹೊರದೇಶದ ಟೀಮಿನ ಜೊತೆ ಕಾಲ್‌ನಲ್ಲಿ ಕೂತಾಗ ಕೆಲಸಕ್ಕೆ ಬರೋದು ಈ ತಿಳಿವಳಿಕೆ. ಆದರೆ ಮಾಕ್ ಇಂಟರ್‌ವ್ಯೂನಲ್ಲಿ ಇದನ್ನು ಯಾರೂ ಕೇಳಲಿಲ್ಲ, ಇದಕ್ಕೆ ಯಾರೂ ನಗಲೂ ಇಲ್ಲ. ಕಾನ್ವೆಂಟಿನಿಂದ ಬಂದವರು, ಕನ್ನಡ ಮೀಡಿಯಂನಿಂದ ಬಂದವರು ಇಬ್ಬರೂ ಇಲ್ಲಿ ಒಂದೇ ದೋಣಿಯಲ್ಲಿದ್ದೀವಿ.

ಇಂಗ್ಲಿಷ್ ತಿದ್ದಬಾರದು ಅಂತಲ್ಲ. ಪ್ಲೇಸ್‌ಮೆಂಟ್‌ಗೆ ಅದು ಬೇಕೇ ಬೇಕು. ಮಾತು ಪೂರ್ತಿಯಾಗಲಿ, ಆಮೇಲೆ ಪಕ್ಕಕ್ಕೆ ಕರೆದು ಹೇಳೋಣ. ಯಾಕೆ ತಪ್ಪು ಅಂತ ಕನ್ನಡದಲ್ಲೇ ಬಿಡಿಸಿ ಹೇಳೋಣ.

ಆ ಹುಡುಗನಿಗೆ ಸಾರಿ ಕೇಳಿದೆ. "ಬಿಡಣ್ಣ, ಪರವಾಗಿಲ್ಲ" ಅಂದ. ಮುಂದಿನ ವಾರ ಇನ್ನೊಂದು ಸುತ್ತಿನ ಮಾಕ್ ಇಂಟರ್‌ವ್ಯೂ ಇದೆ. ಪಟ್ಟಿ ನೋಡಿದೆ, ಅವನ ಹೆಸರಿಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಒಂದು ಬೈ ಟೂ ಹೇಳಿ ಮಾತಾಡಬೇಕು ಅಂತಿದ್ದೀನಿ.