ಬಣ್ಣ ಬಳಿದರೆ ಸೇತುವೆ ಗಟ್ಟಿಯಾದೀತೇ?



2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. 2016ರಲ್ಲಿ ಮಹಾರಾಷ್ಟ್ರದ ಮಹಾಡದ ಸಾವಿತ್ರಿ ನದಿ ಸೇತುವೆ ಕುಸಿದು ಬಸ್ಸುಗಳನ್ನೇ ನುಂಗಿತ್ತು. ಮುಂಬಯಿಯಿಂದ ಕರಾವಳಿಯ ಊರಿಗೆ ಹೋಗುವ ನಮ್ಮವರ ದಾರಿಯಲ್ಲೇ ಇವೆರಡೂ ಇವೆ. 2019ರಲ್ಲಿ ಕುಸಿದ ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದ ಪಾದಚಾರಿ ಸೇತುವೆಗಂತೂ ಮೊದಲೇ ತಪಾಸಣೆಯಾಗಿ ‘ಪರವಾಗಿಲ್ಲ’ ಎಂಬ ವರದಿಯೂ ಬಂದಿತ್ತು!

ಸೇತುವೆಗೆ ಭಾರಕ್ಕಿಂತ ನೀರೇ ದೊಡ್ಡ ಶತ್ರು. ಸಾನಪಾಡಾದ ಮೇಲ್ಸೇತುವೆಯ ಕೆಳಗೆ ನಿಂತು ನೋಡಿ: ಮಳೆನೀರಿನ ಕೊಳವೆಯಲ್ಲಿ ಗುಟ್ಕಾ ಪೊಟ್ಟಣ, ಸಂದಿಯಲ್ಲಿ ಅರಳಿ ಸಸಿ, ಕಾಂಕ್ರೀಟಿನ ಮೇಲೆ ತುಕ್ಕಿನ ಗೆರೆ. ಖಾಡಿಯ (ಹಿನ್ನೀರಿನ) ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟು ಬಿರಿಯುತ್ತದೆ. 1973ರ ವಾಶಿ ಸೇತುವೆಯ ರೋಗವೂ ತುಕ್ಕೇ. ಕಂಬಗಳಿಗೆ ಚಿತ್ರ ಬರೆಸುವ ಆಡಳಿತದ ಹುಮ್ಮಸ್ಸಿನ ಅರ್ಧದಷ್ಟಾದರೂ ಸೇತುವೆಯ ಆರೈಕೆಗಿರಲಿ. ಮಳೆಗಾಲದ ಮೊದಲೂ ನಂತರವೂ ತಪಾಸಣೆ ಮಾಡಿ, ಅದರ ದಿನಾಂಕವನ್ನು ಕಂಬದ ಮೇಲೇ ಬರೆಯಲಿ.

— ಓದುಗ, ಸಾನಪಾಡಾ, ನವಿ ಮುಂಬಯಿ