ಮಾಲೆ ತೆಗೆದ ಮರುದಿನ

ಕಾರ್ತಿಕ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಊರುಗಳಲ್ಲಿ ಕಪ್ಪು ಪಂಚೆಯವರು ಹೆಚ್ಚುತ್ತಾರೆ. ನಿನ್ನೆಯವರೆಗೆ ಸಂಜೆಯಾದರೆ ತೂರಾಡುತ್ತ ಮನೆಗೆ ಬರುತ್ತಿದ್ದವನು ಅಯ್ಯಪ್ಪನ ಮಾಲೆ ಧರಿಸಿ ಬೆಳಗಿನ ಜಾವ ತಣ್ಣೀರು ಸ್ನಾನ ಮಾಡುತ್ತಾನೆ. ಹೆಂಡತಿ ಮಕ್ಕಳೂ ಅವನನ್ನು 'ಸ್ವಾಮಿ' ಎನ್ನುತ್ತಾರೆ. ಆ ಮನೆಯ ಹತ್ತನೇ ತರಗತಿಯ ಹುಡುಗ ಬಾಗಿಲ ಸದ್ದಿಗೆ ಬೆಚ್ಚದೆ ರಾತ್ರಿ ಓದಿಕೊಳ್ಳುವ ದಿನಗಳು ಅವು. 41 ದಿನದ ವ್ರತ ಮುಗಿದು, ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮರುದಿನ? ಎಷ್ಟೋ ಮನೆಗಳಲ್ಲಿ ಮತ್ತೆ ಅದೇ ಅಂಗಡಿ, ಅದೇ ಗೆಳೆಯರು, ಬಾಗಿಲಲ್ಲಿ ಅದೇ ಸದ್ದು.

'41 ದಿನ ಬಿಟ್ಟಿದ್ದವನಿಗೆ ಈಗ ಬಿಡೋಕೆ ಏನಂತೆ? ಬೇಕಂತಲೇ ಕುಡಿಯುತ್ತಾನೆ' ಎಂದು ನೆಂಟರು ತೀರ್ಪು ಕೊಟ್ಟುಬಿಡುತ್ತಾರೆ. ವಿಷಯ ಅಷ್ಟು ಸರಳವಲ್ಲ.

ಮದ್ಯಸಾರ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನವೂ ವಿಪರೀತ ಕುಡಿಯುವವನ ಮಿದುಳು ಅದಕ್ಕೆದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಬ್ರೇಕ್ ಹಿಡಿದ ಗಾಡಿಯನ್ನು ಆಕ್ಸಿಲರೇಟರ್ ತುಳಿದು ಓಡಿಸಿದ ಹಾಗೆ. ಬ್ರೇಕನ್ನು ಥಟ್ಟನೆ ಬಿಟ್ಟರೆ? ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಹತ್ತುವುದಿಲ್ಲ. ಕೆಲವರಿಗೆ ಮೊದಲ ಎರಡು ಮೂರು ದಿನಗಳಲ್ಲೇ ಫಿಟ್ಸ್ ಬರುತ್ತದೆ; ಇಲ್ಲದ್ದು ಕಾಣುತ್ತದೆ, ಬಡಬಡಿಸುತ್ತಾರೆ. ಗಾಳಿ ಸೋಕಿತೆಂದು ಅಂಥವರನ್ನು ಗುಡಿಗೋ ದರ್ಗಾಕ್ಕೋ ಒಯ್ಯುವುದುಂಟು. ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ ಇದು. ಮೊದಲು ಆಸ್ಪತ್ರೆ, ಹರಕೆ ಆಮೇಲೆ. ಮಾಲೆ ಹಾಕುವ ಮುನ್ನವೇ ವೈದ್ಯರನ್ನು ಕಂಡರೆ ವ್ರತಕ್ಕೇನೂ ಭಂಗವಿಲ್ಲ.

ಈ ನಡುಕ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ನೆನಪು ಮಾತ್ರ ಇಳಿಯದು. ಅಂಗಡಿಯ ದೀಪ, ಬಟವಾಡೆಯ ಸಂಜೆ, ಹುರಿದ ಕಡಲೆಕಾಯಿಯ ವಾಸನೆ, ಇಷ್ಟೇ ಸಾಕು, ವರ್ಷ ಕಳೆದ ಮೇಲೂ ಆಸೆ ಕೆರಳುತ್ತದೆ. ವ್ರತದ ದಿನಗಳಲ್ಲಿ ಅದನ್ನು ತಡೆದದ್ದೇನು? ದೇವರ ಭಯ ಇತ್ತು, ನಿಜ. ಅದರ ಜೊತೆಗೆ ಸಂಜೆಯಾದರೆ ಭಜನೆಯಿತ್ತು, ಕೂಡಿ ಅಡುಗೆ ಮಾಡಿ ಉಣ್ಣುವ ಬಳಗವಿತ್ತು, ತಪ್ಪಿದರೆ ಕೇಳುವ ಗುರುಸ್ವಾಮಿ ಇದ್ದರು, ಊರೇ ಕೊಟ್ಟ ಮರ್ಯಾದೆ ಇತ್ತು. ಮಾಲೆಯೊಡನೆ ಇವೆಲ್ಲ ಒಂದೇ ದಿನ ಕಳಚಿಹೋಗುತ್ತವೆ.

ಈ ಮರುದಿನದ ಬಗ್ಗೆ ಯೋಚಿಸಿದವರು ಇಲ್ಲದಿಲ್ಲ. ಡಾ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯ ಜೊತೆಗೂಡಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ತುಮಕೂರು ಜಿಲ್ಲೆಯಲ್ಲೂ ನಡೆದಿವೆ. ಎಂಟು ದಿನ ಶಿಬಿರದಲ್ಲೇ ವಾಸ. ಯೋಗ, ಭಜನೆ, ಆಪ್ತಸಲಹೆ, ಮನೆಯವರನ್ನೂ ಕೂರಿಸಿಕೊಂಡು ಮಾತುಕತೆ. ಆದರೆ ಅದರ ಜಾಣತನ ಇರುವುದು ಎಂಟನೆಯ ದಿನದ ನಂತರ. ಕುಡಿತ ಬಿಟ್ಟವರೆಲ್ಲ 'ನವಜೀವನ ಸಮಿತಿ' ಕಟ್ಟಿಕೊಂಡು ಮತ್ತೆ ಮತ್ತೆ ಸಭೆ ಸೇರುತ್ತಾರೆ. ನೂರು ದಿನ ತುಂಬಿದರೆ ಶತದಿನೋತ್ಸವ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಇದಕ್ಕೂ ಮೊದಲೇ, 1975ರಿಂದ, ಜೋಳಿಗೆ ಹಿಡಿದು ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಜೋಳಿಗೆಗೆ ಚಟ ಹಾಕಿದವನಿಗೆ ಊರೆಲ್ಲ ಸಾಕ್ಷಿ.

ಹೊರದೇಶದಲ್ಲೂ ಇದೇ ಹಾದಿ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಪರಸ್ಪರ ಮಾತಾಡಿಕೊಂಡೇ ಚಟ ಬಿಡಲು ಹೊರಟರು. 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿದ್ದು ಹಾಗೆ. ದೇವರನ್ನು ಅವರವರು ತಿಳಿದಂತೆ ಭಾವಿಸಿಕೊಳ್ಳಲು ಅಲ್ಲಿ ಅವಕಾಶವಿದೆ. 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಾಮರ್ಶೆ 27 ಅಧ್ಯಯನಗಳನ್ನು ಒರೆಗೆ ಹಚ್ಚಿತು. ಕುಡಿತವನ್ನು ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಇಂಥ ಕೂಟಗಳಿಗೆ ಕ್ರಮಬದ್ಧವಾಗಿ ಸೇರಿಸುವ ವಿಧಾನ ಇತರ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮೇಲೆಂದು ಅದಕ್ಕೆ ಕಂಡಿತು.

ನಂಬಿಕೆಯ ದಾರಿಯಲ್ಲೂ ಒಂದು ಹಳ್ಳವಿದೆ. ದೇವರ ಮುಂದೆ ಆಣೆ ಮಾಡಿದವನು ಒಂದು ದಿನ ಜಾರಿದನೆನ್ನಿ. 'ಆಣೆ ಮುರಿದ ಪಾಪಿ' ಎಂಬ ನಾಚಿಕೆಗೆ ಅವನು ಸಭೆಗೂ ಬಾರ, ಗುಡಿಗೂ ಬಾರ, ಇನ್ನಷ್ಟು ಕುಡಿಯುತ್ತಾನೆ. ಹೆಂಡತಿಗೆ 'ನಿನ್ನ ಭಕ್ತಿ ಸಾಲದು' ಎಂಬ ಮಾತು ಬೇರೆ. ಸಕ್ಕರೆ ಕಾಯಿಲೆಯವನು ಹಬ್ಬದಲ್ಲಿ ಹೋಳಿಗೆ ತಿಂದರೆ ಯಾರೂ ಪಾಪಿ ಎನ್ನುವುದಿಲ್ಲ, ಮತ್ತೆ ವೈದ್ಯರಲ್ಲಿಗೆ ಕಳಿಸುತ್ತಾರೆ. ಜಾರಿದವನಿಗೂ ಮರುದಿನದ ಸಭೆಯಲ್ಲಿ ಒಂದು ಚಾಪೆ ಇರಬೇಕು.

ಇನ್ನು ಮಕ್ಕಳು. ಅಂಗಡಿಯಿಂದ ಅಪ್ಪನನ್ನು ಕರೆತರಲು, ಅವನ ಜೇಬು ನೋಡಲು ಮಗನನ್ನು ಬಿಡುವ ತಾಯಂದಿರಿದ್ದಾರೆ; ಅವರಿಗೂ ಬೇರೆ ದಿಕ್ಕಿಲ್ಲ. ಆದರೂ ಅದು ಹುಡುಗನ ಕೆಲಸವಲ್ಲ. ಅಪ್ಪ ಕುಡಿಯುವುದು ಅವನಿಂದಲ್ಲ, ಬಿಡಿಸುವ ಹೊಣೆಯೂ ಅವನದಲ್ಲ. ಇಂಥ ಹದಿಹರೆಯದವರಿಗಾಗಿಯೇ ಅಮೆರಿಕದಲ್ಲಿ 1957ರಲ್ಲಿ 'ಅಲಟೀನ್' ಕೂಟ ಶುರುವಾಯಿತು. ನಮ್ಮಲ್ಲಿ ಸದ್ಯಕ್ಕೆ ನಂಬಿಕೆಯ ಮೇಷ್ಟರೊಬ್ಬರ ಕಿವಿ ಇದ್ದರೂ ಆದೀತು. ರಾತ್ರಿ ಹೊತ್ತು ಮಾತಾಡಲೇಬೇಕೆನಿಸಿದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮನಸ್ 14416 ಇದೆ.

ಗುರುಸ್ವಾಮಿಗಳು ಮನಸ್ಸು ಮಾಡಿದರೆ ಮಾಲೆ ತೆಗೆದ ಮೇಲೂ ಶನಿವಾರಕ್ಕೊಂದು ಸಂಜೆ, ಸರಿಯಾಗಿ ಅಂಗಡಿ ತುಂಬುವ ಹೊತ್ತಿಗೆ, ಅದೇ ಬಳಗವನ್ನು ಕೂರಿಸಬಹುದು. ಅದಕ್ಕೆ ಹೊಸ ಖರ್ಚೇನೂ ಇಲ್ಲ. ಹಾರ್ಮೋನಿಯಂ, ತಾಳ ಎಲ್ಲ ಮುಂದಿನ ಕಾರ್ತಿಕದವರೆಗೆ ಯಾರದೋ ಮನೆಯ ಅಟ್ಟದ ಮೇಲೆ ಇರುತ್ತವಲ್ಲ!