‘ನಿಮ್ಮ ಡ್ರೈವಿಂಗೇ ಸರಿಯಿಲ್ಲ’ ಎನ್ನುವವನಿಗೆ ಒಂದೇ ಉತ್ತರ: ಬರೆದು ಕೊಡಿ!

ಗ್ಯಾರೇಜಿನ ಕೌಂಟರಿನಲ್ಲಿ ಕೂತವನ ಬಾಯಲ್ಲಿ ಸದಾ ಸಿದ್ಧವಾಗಿರುವ ಒಂದು ಮಾತಿದೆ. ನಿಮ್ಮದು ಬೈಕಿರಲಿ, ಕಾರಿರಲಿ, ಸಾಲ ಮಾಡಿ ಕೊಂಡ ಟ್ಯಾಕ್ಸಿಯೇ ಇರಲಿ. ಕ್ಲಚ್ ಸುಟ್ಟಿತು, ಗೇರ್‌ಬಾಕ್ಸ್ ಕಚ್ಚಿಕೊಂಡಿತು, ಡ್ರೈವ್‌ಶಾಫ್ಟ್ ಕಳಚಿತು ಎಂದು ಗಾಡಿಯನ್ನು ಎಳೆಸಿಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿ. ಬಾನೆಟ್ ಎತ್ತುವ ಮೊದಲೇ ಆ ಮಾತು ಉದುರುತ್ತದೆ: ‘ನಿಮ್ಮ ಡ್ರೈವಿಂಗ್ ಸರಿಯಿಲ್ಲ ಸಾರ್. ಹಾಫ್ ಕ್ಲಚ್‌ನಲ್ಲೇ ಓಡಿಸಿದ್ದೀರಿ.’

ಮೂರು ವಾರದ ಹಿಂದೆ ಅದೇ ಗಾಡಿಯನ್ನು ಅದೇ ಗ್ಯಾರೇಜಿನ ಕೈಗಳೇ ಬಿಚ್ಚಿ ಜೋಡಿಸಿದ್ದವಲ್ಲ? ಆ ಸುದ್ದಿ ಮಾತ್ರ ಬೇಡ! ತಪ್ಪು ನಿಮ್ಮ ಕಾಲಿನದು. ಬಿಲ್ಲು ನಿಮ್ಮ ಜೇಬಿನದು. ಎಸಿ ರೂಮಿನಲ್ಲಿ ಕೂರಿಸಿ ಕೊಟ್ಟ ಒಂದು ಕಪ್ ಕಾಫಿಯಷ್ಟೇ ಅವರದು.

ನಮ್ಮ ಹುಡುಗರು ಏನು ಮಾಡುತ್ತಾರೆ? ಕೂಗಾಡುತ್ತಾರೆ. ಟೇಬಲ್ ಗುದ್ದುತ್ತಾರೆ. ನಾಲ್ಕು ಜನ ಗೆಳೆಯರನ್ನು ಕರೆಸುತ್ತಾರೆ. ಸಂಜೆಯಾಗುತ್ತದೆ, ಗಂಟಲು ಒಣಗುತ್ತದೆ. ನಾಳೆ ಕೆಲಸಕ್ಕೆ ಹೋಗಬೇಕು, ತಿಂಗಳ ಕಂತು ಕಟ್ಟಬೇಕು. ಕೊನೆಗೆ ಬೈದುಕೊಂಡೇ ದುಡ್ಡು ಕೊಟ್ಟು ಗಾಡಿ ಬಿಡಿಸಿಕೊಂಡು ಬರುತ್ತಾರೆ. ಕೌಂಟರಿನವನಿಗೆ ಇದು ಚೆನ್ನಾಗಿ ಗೊತ್ತು. ನಿಮ್ಮ ಕೂಗಿಗೆ ಅವನು ಹೆದರುವುದಿಲ್ಲ. ಅವನು ಹೆದರುವುದು ಒಂದು ಹಾಳೆಗೆ, ಮತ್ತು ಒಂದು ಗೋಣಿಚೀಲದಲ್ಲಿ ಕಟ್ಟಿಟ್ಟ ಮುರಿದ ಗೇರಿಗೆ.

ಮುರಿದ ಕಬ್ಬಿಣ ಸುಳ್ಳು ಹೇಳುವುದಿಲ್ಲ

ಒಂದು ಉದಾಹರಣೆ ನೋಡಿ. ಇಂಥದ್ದು ನಿಮ್ಮ ಬೀದಿಯಲ್ಲೇ ಕೇಳಿದರೂ ಸಿಗುತ್ತದೆ. ಕಾರಿನ ಮುಂದಿನ ಚಕ್ರದ ಬಳಿ ರಬ್ಬರ್ ಬೂಟ್ ಹರಿದಿತ್ತು. ಡ್ರೈವ್‌ಶಾಫ್ಟ್ ಎಳೆದು ಹೊಸ ಬೂಟ್ ಹಾಕಿದರು. ಕೆಲವು ಸಾವಿರ ರೂಪಾಯಿಯ ಕೆಲಸ. ಮೂರು ವಾರ ಕಳೆದ ಮೇಲೆ ತುಮಕೂರು ರಸ್ತೆಯಲ್ಲಿ ಐದನೇ ಗೇರು ಊಳಿಡಲು ಶುರು. ದಾಬಸ್‌ಪೇಟೆ ದಾಟುವಷ್ಟರಲ್ಲಿ ಗೇರ್‌ಬಾಕ್ಸ್ ಖಲ್ಲಾಸ್.

‘ಬೂಟ್ ಹಾಕಿದ್ದಕ್ಕೂ ಗೇರ್‌ಬಾಕ್ಸ್ ಹೋದದ್ದಕ್ಕೂ ಏನು ಸಂಬಂಧ ಸಾರ್?’ ಎಂದು ಕೌಂಟರಿನವನು ನಗುತ್ತಾನೆ.

ಸಂಬಂಧ ಇದೆ ಸ್ವಾಮಿ! ಮುಂದಿನ ಚಕ್ರ ಎಳೆಯುವ ಬಹುತೇಕ ಕಾರುಗಳಲ್ಲಿ ಡ್ರೈವ್‌ಶಾಫ್ಟಿನ ಒಳತುದಿ ನೇರವಾಗಿ ಗೇರ್‌ಬಾಕ್ಸಿನೊಳಗೆ ಕೂರುತ್ತದೆ. ಅದನ್ನು ಎಳೆದರೆ ಒಳಗಿನ ಗೇರ್ ಆಯಿಲ್ ಹೊರಗೆ ಸುರಿಯುತ್ತದೆ. ಸಣ್ಣ ಕಾರಿನ ಗೇರ್‌ಬಾಕ್ಸಿನಲ್ಲಿ ಇರುವುದೇ ಎರಡು ಲೀಟರ್ ಆಸುಪಾಸು. ಸುರಿದದ್ದನ್ನು ಮತ್ತೆ ತುಂಬಬೇಕು. ಶಾಫ್ಟನ್ನು ವಾಪಸ್ ತೂರಿಸುವಾಗ ಬಾಯಲ್ಲಿರುವ ಆಯಿಲ್ ಸೀಲಿನ ಅಂಚು ಗೀರದಂತೆ ನೋಡಿಕೊಳ್ಳಬೇಕು. ಗೀರಿದರೆ ಹನಿ ಹನಿಯಾಗಿ ಸೋರುತ್ತದೆ. ಆಯಿಲ್ ಇಲ್ಲದ ಗೇರುಗಳು ಒಂದನ್ನೊಂದು ತಿನ್ನುತ್ತವೆ.

ಈಗ ನಿಮ್ಮ ಹಳೆಯ ಬಿಲ್ಲನ್ನು ತೆಗೆಯಿರಿ. ಬೂಟ್, ಗ್ರೀಸ್, ಕ್ಲಿಪ್, ಲೇಬರ್ ಎಲ್ಲಾ ಇದೆ. ಗೇರ್ ಆಯಿಲ್ ಎಂಬ ಸಾಲು ಎಲ್ಲಿದೆ? ‘ಹಳೇದನ್ನೇ ಸೋಸಿ ಹಾಕಿದ್ವಿ’ ಎನ್ನಬಹುದು. ಒಳ್ಳೆಯದು, ಅದನ್ನೇ ಬರೆದು ಕೊಡಲಿ!

ನೋಡಿ, ಮುರಿದ ಭಾಗಕ್ಕೆ ಒಂದು ಭಾಷೆ ಇದೆ. ಅದನ್ನು ಓದಲು ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ.

ಕ್ಲಚ್ ಪ್ಲೇಟ್ ಸುತ್ತಲೂ ಸಮನಾಗಿ ರಿವೆಟ್ ಕಾಣುವಷ್ಟು ಸವೆದಿದೆಯೇ? ಅದು ಹೆಚ್ಚಾಗಿ ಬಳಕೆಯ ಸವೆತ. ಪ್ಲೇಟಿಗೆ ಎಣ್ಣೆ ಮೆತ್ತಿದೆಯೇ? ಹಾಗಾದರೆ ಇಂಜಿನ್ ಕಡೆಯ ಅಥವಾ ಗೇರ್‌ಬಾಕ್ಸ್ ಕಡೆಯ ಸೀಲ್ ಸೋರಿದೆ. ಮೊನ್ನೆ ತಾನೇ ಅಲ್ಲಿ ಕೈಯಾಡಿಸಿದವರು ಯಾರು ಎಂಬುದೇ ಮುಂದಿನ ಪ್ರಶ್ನೆ.

ಫ್ಲೈವೀಲ್ ಮೇಲೆ ನೀಲಿ ಕಲೆ ಇದೆಯೇ? ‘ಹಾಫ್ ಕ್ಲಚ್!’ ಎಂದು ಕೂಗುತ್ತಾರೆ. ನಿಲ್ಲಿ. ಅದು ಶಾಖದ ಗುರುತು, ಕ್ಲಚ್ ಜಾರಿದೆ ಎಂದಷ್ಟೇ ಅದರ ಅರ್ಥ. ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸಿದರೂ ಜಾರುತ್ತದೆ. ಗ್ಯಾರೇಜಿನವನು ಕೇಬಲನ್ನು ಬಿಗಿದು ಪೆಡಲಿಗೆ ಸಡಿಲವನ್ನೇ ಬಿಡದಿದ್ದರೂ ಜಾರುತ್ತದೆ. ಎರಡರಲ್ಲಿ ಯಾವುದು? ಬಿಚ್ಚುವ ಮೊದಲು ಪೆಡಲ್ ಎಷ್ಟು ಸಡಿಲವಿತ್ತು ಎಂದು ಅಳೆದಿದ್ದರೆ ಉತ್ತರ ಹತ್ತಿರವಾಗುತ್ತಿತ್ತು. ಬಿಚ್ಚಿದ ಮೇಲೆ ಆ ಸಾಕ್ಷಿ ಸತ್ತುಹೋಗುತ್ತದೆ.

ಗೇರು, ಬೇರಿಂಗುಗಳು ಕಪ್ಪಾಗಿ, ನೀಲಿಯಾಗಿ ಸುಟ್ಟಿವೆಯೇ? ಆಯಿಲ್ ಇರಲಿಲ್ಲ. ಎಲ್ಲಿ ಹೋಯಿತು? ಹೊರಗಡೆ ಸೀಲಿನ ಬಳಿ, ಡ್ರೈನ್ ಪ್ಲಗ್ ಬಳಿ ಎಣ್ಣೆ-ಧೂಳಿನ ಹೆಪ್ಪು ಕಟ್ಟಿದ್ದರೆ ಸೋರಿದೆ. ಹೊರಗೆಲ್ಲ ಒಣ, ಒಳಗೂ ಒಣ ಎಂದಾದರೆ ತುಂಬಿಸಿಯೇ ಇರಲಿಲ್ಲ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಒಂದೇ ಹಲ್ಲು ಮುರಿದು, ಮುರಿದ ಜಾಗದಲ್ಲಿ ಕಡಲ ದಂಡೆಯ ಅಲೆಗಳಂಥ ಗೆರೆಗಳಿದ್ದರೆ ಬಿರುಕು ಹಳೆಯದು, ನಿಧಾನವಾಗಿ ಬೆಳೆದದ್ದು. ನಿನ್ನೆಯ ನಿಮ್ಮ ಓಟಕ್ಕೆ ಅದರ ಪಾಪ ಕಟ್ಟಲಾಗದು.

ಬೈಕಿನವರೂ ಕೇಳಿ. ಹಿಂದಿನ ಚಕ್ರ ಬಿಚ್ಚಿ ಹಾಕುವಾಗ ಚೈನನ್ನು ತಂತಿಯಂತೆ ಬಿಗಿದರೆ, ಅದು ಸಣ್ಣ ಸ್ಪ್ರಾಕೆಟ್ಟಿನ ಹಿಂದಿರುವ ಬೇರಿಂಗು, ಸೀಲುಗಳನ್ನು ತಿನ್ನುತ್ತದೆ. ನಿಮ್ಮ ಪಾಲಿಗೆ ಬರುವುದು ಮಾತ್ರ ‘ಜಾಸ್ತಿ ರೇಸ್ ಮಾಡಿದ್ದೀಯಾ’ ಎಂಬ ಬಿರುದು.

ನ್ಯಾಯ ಎರಡೂ ಕಡೆಗಿರಲಿ

ಗ್ಯಾರೇಜಿನವರೆಲ್ಲ ಕಳ್ಳರು ಎಂದು ನಾವು ಹೇಳುತ್ತಿಲ್ಲ. ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಬೀದಿ ಬದಿಯ ತಗಡಿನ ಶೆಡ್ಡಿನಲ್ಲಿ ಮೈಗೆಲ್ಲ ಗ್ರೀಸು ಬಳಿದುಕೊಂಡು ಪ್ರಾಮಾಣಿಕವಾಗಿ ದುಡಿಯುವ ಸಾವಿರಾರು ಕೈಗಳಿವೆ. ಸಿಲ್ಕ್ ಬೋರ್ಡ್, ಹೆಬ್ಬಾಳ, ಗೊರಗುಂಟೆಪಾಳ್ಯಗಳ ಜಾಮಿನಲ್ಲಿ ವರ್ಷಗಟ್ಟಲೆ ತೆವಳಿದ ಗಾಡಿಯ ಕ್ಲಚ್ ಒಂದು ದಿನ ಸವೆದೇ ಸವೆಯುತ್ತದೆ. ಬಂಪರ್‌ಗೆ ಬಣ್ಣ ಹೊಡೆದವನನ್ನು ಗೇರ್‌ಬಾಕ್ಸಿಗೆ ಹೊಣೆ ಮಾಡುವುದು ಗೂಂಡಾಗಿರಿ. ‘ನಿಮ್ಮ ಹತ್ತಿರ ಬಂದು ಹೋದ ಮೇಲೆ ಕೆಟ್ಟಿತು’ ಎಂಬುದೊಂದೇ ಸಾಕ್ಷಿಯಲ್ಲ.

ಕಾನೂನೂ ಅದನ್ನೇ ಹೇಳುತ್ತದೆ. ಸೇವೆಯಲ್ಲಿ ಲೋಪವಾಗಿದೆ ಎಂದು ತೋರಿಸುವ ಹೊಣೆ ದೂರು ಕೊಟ್ಟವನದೇ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಸತ್ಯ ನಿಮ್ಮ ಕಡೆ ಇದ್ದರೆ ಸಾಲದು, ಸಾಕ್ಷಿಯೂ ನಿಮ್ಮ ಕಡೆ ಇರಬೇಕು. ಆ ಸಾಕ್ಷಿ ಈಗ ಎಲ್ಲಿದೆ? ಅವರ ಗ್ಯಾರೇಜಿನ ಹಿಂದಿನ ಗುಜರಿ ಡಬ್ಬದಲ್ಲಿ! ಎರಡು ದಿನ ಕೂಗಾಡಿ ಮೂರನೇ ದಿನ ಹೋಗಿ ಕೇಳಿದರೆ ‘ಸ್ಕ್ರ್ಯಾಪ್‌ನವನು ತಗೊಂಡು ಹೋದ ಸಾರ್’ ಎನ್ನುತ್ತಾರೆ. ಅಲ್ಲಿಗೆ ನಿಮ್ಮ ಕೇಸು ಕರಗಿ ಕಬ್ಬಿಣವಾಯಿತು.

ಅದಕ್ಕೇ ಹೇಳುವುದು, ಬಾಯಿ ಮುಚ್ಚಿ, ಪೆನ್ನು ತೆಗೆಯಿರಿ.

ಹೀಗೆ ಮಾಡಿ

ಒಂದು: ಸದ್ದು ಕೇಳಿದ ಕೂಡಲೇ ಗಾಡಿ ನಿಲ್ಲಿಸಿ. ‘ಮನೆ ಮುಟ್ಟಿದರೆ ಸಾಕು’ ಎಂದು ಮೂವತ್ತು ಕಿಲೋಮೀಟರ್ ಓಡಿಸಿದರೆ, ಅವರ ತಪ್ಪಿಗೆ ನಿಮ್ಮ ತಪ್ಪನ್ನೂ ಸೇರಿಸಿದಂತೆ. ಮೀಟರಿನ ಕಿಲೋಮೀಟರ್, ನೆಲದ ಮೇಲಿನ ಎಣ್ಣೆ, ಗಾಡಿಯ ತಳ, ಎಲ್ಲದರ ಫೋಟೋ ತೆಗೆಯಿರಿ. ಎಳೆಸಿಕೊಂಡು ಹೋದ ರಸೀದಿ ಇಟ್ಟುಕೊಳ್ಳಿ.

ಎರಡು: ಬಿಚ್ಚುವ ಮೊದಲೇ ಪತ್ರ ಕೊಡಿ. ‘ನನ್ನ ಸಮ್ಮುಖದಲ್ಲಿ ಬಿಚ್ಚಬೇಕು, ಇಳಿಸಿದ ಆಯಿಲನ್ನು ಅಳೆಯಬೇಕು, ತೆಗೆದ ಭಾಗಗಳನ್ನು ನನಗೆ ಒಪ್ಪಿಸಬೇಕು.’ ಮೂರೇ ಸಾಲು. ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಅಂಚೆಯಲ್ಲಿ ಕಳಿಸಿ, ವಾಟ್ಸಾಪಿನಲ್ಲೂ ಹಾಕಿ. ಗಾಡಿಯನ್ನು ಬೇರೆ ಗ್ಯಾರೇಜಿಗೆ ಒಯ್ಯುವುದಾದರೂ ಮೊದಲಿನವರಿಗೆ ತಿಳಿಸಿ, ‘ಇಂಥ ದಿನ ಬಿಚ್ಚುತ್ತೇವೆ, ಬಂದು ನೋಡಿ’ ಎಂದು ಬರೆಯಿರಿ. ಅವರು ಬರದಿದ್ದರೆ ಅದೂ ದಾಖಲೆಯೇ.

ಮೂರು: ಕಾರಣವನ್ನು ಬರೆಸಿಕೊಳ್ಳಿ. ‘ಡ್ರೈವಿಂಗ್ ಸರಿಯಿಲ್ಲ’ ಎಂದರೆ ಯಾವ ಭಾಗ ನೋಡಿ ಹೇಳಿದಿರಿ, ಏನು ಅಳೆದಿರಿ ಎಂದು ಕೇಳಿ. ಬಾಯಲ್ಲಿ ಹೇಳುವಾಗ ಹುಲಿಯಾದವರು ಬರೆಯುವಾಗ ಇಲಿಯಾಗುತ್ತಾರೆ. ನಿಮ್ಮ ಕಡೆಯಿಂದ ಒಬ್ಬ ಮೆಕ್ಯಾನಿಕಲ್ ಇಂಜಿನಿಯರ್ ಅಥವಾ ಅನುಭವಿ ಸರ್ವೇಯರ್ ನೋಡಿ ವರದಿ ಬರೆದುಕೊಟ್ಟರೆ ಅದಕ್ಕೆ ಬೇರೆಯೇ ತೂಕ.

ನಾಲ್ಕು: ದುಡ್ಡು ಕೊಡದೆ ಗಾಡಿ ಬಿಡುವುದಿಲ್ಲ ಎನ್ನುತ್ತಾರೆಯೇ? ಇಲ್ಲಿ ಅವರಿಗೂ ಒಂದು ಹಕ್ಕಿದೆ. 1872ರ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಮಾಡಿದ ಕೆಲಸದ ಕೂಲಿ ಬರುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ಗೇಟು ಒದೆಯಬೇಡಿ. ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ, ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡು ಪಾವತಿಸಿದ್ದೇನೆ’ ಎಂದು ಬರೆದು, ದುಡ್ಡು ಕಟ್ಟಿ, ಗಾಡಿ ಬಿಡಿಸಿಕೊಳ್ಳಿ. ನಿಮ್ಮ ಜಗಳ ಜೀವಂತ ಇರುತ್ತದೆ. ಅದೇ ಕಾಯ್ದೆಯ 151ನೇ ಕಲಮು ಅವರಿಗೂ ಒಂದು ಹೊರೆ ಹೊರಿಸಿದೆ. ತಮ್ಮ ವಶಕ್ಕೆ ಬಂದ ಗಾಡಿಯನ್ನು, ವಿವೇಕವುಳ್ಳವನು ತನ್ನ ಸ್ವಂತ ಗಾಡಿಯನ್ನು ನೋಡಿಕೊಳ್ಳುವಷ್ಟು ಜತನದಿಂದ ನೋಡಿಕೊಳ್ಳಬೇಕು.

ಐದು: ನೋಟಿಸು ಕೊಟ್ಟು ಹದಿನೈದು ದಿನ ಕಾಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ.

ಆಯೋಗ ದೊಡ್ಡವರದ್ದಲ್ಲ, ನಿಮ್ಮದು

‘ಕೋರ್ಟು ಕಚೇರಿ ಯಾರಿಗೆ ಬೇಕು ಮಾರಾಯಾ’ ಎನ್ನಬೇಡಿ. ಅವರು ನಂಬಿರುವುದೇ ನಿಮ್ಮ ಈ ಮಾತನ್ನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಬೇಕೇಬೇಕು ಎಂದಿಲ್ಲ, ನೀವೇ ನಿಂತು ವಾದಿಸಬಹುದು. ಘಟನೆ ನಡೆದ 2 ವರ್ಷದೊಳಗೆ ದೂರು ಕೊಟ್ಟರೆ ಸಾಕು. ಬಿಲ್ಲು ಕೊಡದಿರುವುದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಆದೇಶ ಬಂದ ಮೇಲೂ ಪಾಲಿಸದವರಿಗೆ 72ನೇ ಕಲಮಿನಲ್ಲಿ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಕಾದಿವೆ. ತೀರ್ಪು ಮರುದಿನವೇ ಬರುವುದಿಲ್ಲ, ತಾಳ್ಮೆ ಬೇಕು. ಆದರೆ ಎಷ್ಟೋ ಗ್ಯಾರೇಜುಗಳು ರಾಜಿಗೆ ಬರುವುದೇ ದೂರಿನ ನೋಟಿಸು ಕೈಗೆ ಬಂದ ಮೇಲೆ.

ಆಟೋ, ಟ್ಯಾಕ್ಸಿ ಓಡಿಸುವ ಅಣ್ಣಂದಿರಿಗೆ ಒಂದು ಮಾತು. ನಿಮ್ಮ ಗಾಡಿ ಒಂದು ದಿನ ನಿಂತರೆ ಒಲೆ ಉರಿಯುವುದಿಲ್ಲ. ಅವರ ವಕೀಲ ಬಂದು ‘ಇದು ವಾಣಿಜ್ಯ ವಾಹನ, ಇವನು ಗ್ರಾಹಕನೇ ಅಲ್ಲ’ ಎನ್ನುತ್ತಾನೆ. ಹೆದರಬೇಡಿ. ಹೊಟ್ಟೆಪಾಡಿಗಾಗಿ ಆಟೋ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು 2019ರ ಕಾಯ್ದೆಯ ವಿವರಣೆಯೂ ಹೇಳುತ್ತದೆ. ಗಾಡಿ ನಿಂತ ದಿನಗಳ ಗಳಿಕೆಯ ಲೆಕ್ಕ ಇಟ್ಟುಕೊಳ್ಳಿ, ಪರಿಹಾರದಲ್ಲಿ ಕೇಳಿ.

ಬೋರ್ಡು ಕನ್ನಡ, ಜಾಬ್ ಕಾರ್ಡ್ ಯಾವ ಭಾಷೆ?

ಇನ್ನೊಂದು ಮೋಸ ಮೊದಲ ದಿನವೇ ನಡೆದಿರುತ್ತದೆ. ಗಾಡಿ ಬಿಡುವಾಗ ನಿಮ್ಮ ಮುಂದೆ ಒಂದು ಜಾಬ್ ಕಾರ್ಡ್ ಹಿಡಿಯುತ್ತಾರೆ. ‘ಇಲ್ಲೊಂದು ಸೈನ್ ಸಾರ್.’ ಹಿಂಬದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಆಮೇಲೆ ಕೆಟ್ಟರೆ ನಾವು ಹೊಣೆಯಲ್ಲ, ಹಳೆಯ ಭಾಗಗಳು ನಮ್ಮ ಸ್ವತ್ತು, ವ್ಯಾಜ್ಯವೇನಿದ್ದರೂ ದೂರದ ಯಾವುದೋ ಊರಿನ ಕೋರ್ಟಿನಲ್ಲಿ ಎಂಬಂಥ ಷರತ್ತುಗಳು ಅಡಗಿರುವುದು ಅಲ್ಲೇ. 2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಹೊರಗಿನ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು. ಸಂತೋಷ. ಆದರೆ ನಿಮ್ಮ ಜೇಬಿಗೆ ಕತ್ತರಿ ಹಾಕುವ ಕಾಗದದಲ್ಲಿ ಕನ್ನಡ ಎಷ್ಟಿದೆ? ಬೋರ್ಡು ಓದುವುದಕ್ಕೆ ಮಾತ್ರ ನಾವು ಕನ್ನಡಿಗರೇ? ಸಹಿ ಹಾಕುವಾಗ ಅಲ್ಲವೇ?

ಕೇಳಿ: ‘ಇದರಲ್ಲಿ ಏನಿದೆ, ಕನ್ನಡದಲ್ಲಿ ಕೊಡಿ.’ ಕೊಡದಿದ್ದರೆ ಸಹಿಯ ಪಕ್ಕದಲ್ಲೇ ನಿಮ್ಮ ಕೈಬರಹದಲ್ಲಿ ಕನ್ನಡದಲ್ಲೇ ಬರೆಯಿರಿ: ‘ಷರತ್ತುಗಳನ್ನು ನನಗೆ ವಿವರಿಸಿಲ್ಲ. ಹಳೆಯ ಭಾಗಗಳನ್ನು ನನಗೆ ಹಿಂದಿರುಗಿಸಬೇಕು.’ ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ದೂರದ ಊರಿನ ಕೋರ್ಟಿನ ಬೆದರಿಕೆಗೂ ಜಗ್ಗಬೇಡಿ. ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು 2019ರ ಕಾಯ್ದೆಯ 34ನೇ ಕಲಮು ಅವಕಾಶ ಕೊಟ್ಟಿದೆ.

ಗೆಳೆಯರೇ, ಇದು ಒಂದು ಗೇರ್‌ಬಾಕ್ಸಿನ ಮಾತಲ್ಲ. ಬೆವರು ಸುರಿಸಿ ಗಳಿಸಿದ ಐವತ್ತು ಸಾವಿರ ರೂಪಾಯಿಯನ್ನು ಒಂದು ಪೊಳ್ಳು ಮಾತಿಗೆ ಒಪ್ಪಿಸಿ ಬರುವುದೋ, ಬೇಡವೋ ಎಂಬ ಮಾತು. ಇವತ್ತು ನೀವು ತಲೆ ತಗ್ಗಿಸಿ ಕೊಟ್ಟು ಬಂದರೆ ನಾಳೆ ನಿಮ್ಮ ತಮ್ಮನಿಗೂ ಅದೇ ಮಾತು, ಅದೇ ಬಿಲ್ಲು.

ಈ ಪುಟವನ್ನು ಮಡಚಿ ನಿಮ್ಮ ಗಾಡಿಯ ಡಿಕ್ಕಿಯಲ್ಲೋ, ಆರ್‌ಸಿ ಪುಸ್ತಕದ ಜೊತೆಯಲ್ಲೋ ಇಟ್ಟುಕೊಳ್ಳಿ. ಪಕ್ಕದ ಆಟೋ ಸ್ಟ್ಯಾಂಡಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. ನಾಳೆ ಯಾರಾದರೂ ನಿಮ್ಮ ಕಾಲಿನ ಮೇಲೆ, ನಿಮ್ಮ ಕೈಯ ಮೇಲೆ ತಪ್ಪು ಹೊರಿಸಿದರೆ ದನಿ ಏರಿಸಬೇಡಿ. ಒಂದು ಬಿಳಿ ಹಾಳೆ, ಒಂದು ಪೆನ್ನು ಅವರ ಮುಂದಿಟ್ಟು ಎರಡೇ ಪದ ಹೇಳಿ:

ಬರೆದು ಕೊಡಿ!